80 ರೂಪಾಯಿ ದಂಡ, ಮೂರು ವಾರ ಬೈಗುಳ: ನನ್ನೊಡನೆ ನಾನು ಆಡುವ ಮಾತನ್ನು ಮೆದುವಾಗಿಸುವುದು ಹೇಗೆ?

ಪ್ರಶ್ನೆ: ಬೆಣ್ಣೆನಗರಿ

ನಾನು ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ 16 ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಹೋದ ತಿಂಗಳು 20ನೇ ತಾರೀಖಿನೊಳಗೆ ಸಲ್ಲಿಸಬೇಕಾಗಿದ್ದ, ಹಾರ್ಡ್‌ವೇರ್ ಅಂಗಡಿಯವರೊಬ್ಬರ ಜಿಎಸ್‌ಟಿಆರ್-3ಬಿ (ತಿಂಗಳ ಜಿಎಸ್‌ಟಿ ತೆರಿಗೆಯ ಲೆಕ್ಕ) ರಿಟರ್ನ್ ನನ್ನ ಕೈತಪ್ಪಿನಿಂದ 21ರಂದು ಸಲ್ಲಿಕೆಯಾಯಿತು. ವಿಳಂಬ ಶುಲ್ಕ 50 ರೂಪಾಯಿ. ನಗದಾಗಿ ಕಟ್ಟಬೇಕಿದ್ದ 61,000 ರೂಪಾಯಿ ತೆರಿಗೆಗೆ ವರ್ಷಕ್ಕೆ ಶೇಕಡಾ 18ರ ಲೆಕ್ಕದಲ್ಲಿ ಒಂದು ದಿನದ ಬಡ್ಡಿ 30 ರೂಪಾಯಿ. ಒಟ್ಟು 80 ರೂಪಾಯಿ. ಅದನ್ನು ನನ್ನ ಕೈಯಿಂದಲೇ ಕೊಡುತ್ತೇನೆಂದರೆ ಅಂಗಡಿಯವರು ನಕ್ಕು, ‘ಬಿಡಿ ಮೇಡಂ, ಒಂದು ಬೆಣ್ಣೆ ದೋಸೆ ತಿಂದೆ ಅಂದ್ಕೋತೀನಿ’ ಎಂದರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಮೂರು ವಾರವಾದರೂ ಮುಗಿಯಲಿಲ್ಲ.

ಇದನ್ನು ಬರೆಯಲು ಕಾರಣವಾದದ್ದು ಇನ್ನೊಂದು ಸಂಗತಿ. ಸಂಜೆ ಬಿಲ್ಲುಗಳ ಸಂಖ್ಯೆ ಮತ್ತು ಮೊತ್ತಗಳನ್ನು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಮರುದಿನ ಅದನ್ನು ಕೇಳುತ್ತ ಕಂಪ್ಯೂಟರಿನ ಲೆಕ್ಕದೊಡನೆ ತಾಳೆ ನೋಡುವುದು ನನ್ನ ರೂಢಿ. ಮೊನ್ನೆ ಹಾಗೆ ಕೇಳುತ್ತಿದ್ದಾಗ, 11 ನಿಮಿಷದ ಮುದ್ರಿಕೆಯಲ್ಲಿ ಸಂಖ್ಯೆಗಳ ನಡುವೆ ನಾಲ್ಕು ಸಲ ನನ್ನನ್ನು ನಾನೇ ಬೈದುಕೊಂಡಿರುವುದು ಕಿವಿಗೆ ಬಿತ್ತು. ‘ಥೂ, ನಿನ್ನ ಜನ್ಮಕ್ಕಿಷ್ಟು’ ಎಂಬುದು ಎರಡು ಸಲ, ‘ಮೂದೇವಿ, ಕಣ್ಣು ಎಲ್ಲಿಟ್ಟಿದ್ದೀಯ’ ಎಂಬುದು ಒಂದು ಸಲ. ಇನ್ನೊಂದನ್ನು ಇಲ್ಲಿ ಬರೆಯಲಾರೆ. ಅವುಗಳಲ್ಲೊಂದಕ್ಕೆ ಕಾರಣವಾದ ಅಪರಾಧವೆಂದರೆ, ಎರಡು ಹಾಳೆಗಳು ಅಂಟಿಕೊಂಡು ಒಟ್ಟಿಗೆ ಮಗುಚಿದ್ದು. ಬೈದ ನೆನಪೇ ನನಗಿರಲಿಲ್ಲ. ಅದಕ್ಕಿಂತ ಗಾಬರಿಯಾದದ್ದು ಧಾಟಿಯನ್ನು ಕೇಳಿ: ಅದು ನನ್ನನ್ನು ಸಾಕಿದ ದೊಡ್ಡಮ್ಮನ ಧಾಟಿ. ಅವರು ತೀರಿಕೊಂಡು 9 ವರ್ಷವಾಗಿದೆ.

ಪರಿಚಯದವರೊಬ್ಬರು ಹೇಳಿದರೆಂದು ಒಂದು ವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ‘ನಾನು ಸಮರ್ಥಳು, ನಾನು ನನ್ನನ್ನು ಪ್ರೀತಿಸುತ್ತೇನೆ’ ಎಂದು ಹೇಳಿ ನೋಡಿದೆ. ನಾಟಕದ ಮಾತಿನಂತಿತ್ತು, ಮುಗಿಸಿದ ಮೇಲೆ ಮೊದಲಿಗಿಂತ ಹೆಚ್ಚು ನಾಚಿಕೆಯಾಗುತ್ತಿತ್ತು. ಬೈದುಕೊಳ್ಳುವುದನ್ನು ಬಿಟ್ಟರೆ ಕೆಲಸದಲ್ಲಿ ಸಡಿಲವಾಗುತ್ತೇನೆಂಬ ಅಂಜಿಕೆಯೂ ನಿಜವಾಗಿ ಇದೆ, ಏಕೆಂದರೆ ಅಂಕಿ ತಪ್ಪದಿರುವುದೇ ನನ್ನ ಅನ್ನ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ, ನಿಜಕ್ಕೂ ಏನು ಮಾಡಿದಿರೆಂದು ತಿಳಿಸುವಿರಾ?

ಉತ್ತರ: ನಿವೃತ್ತ ಆಪ್ತಸಮಾಲೋಚಕಿ

ಕನ್ನಡಿಯ ಪ್ರಯೋಗ ಸೋತದ್ದು ನಿಮ್ಮ ದೋಷದಿಂದಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಎಂಬಂಥ ವಾಕ್ಯವನ್ನು ತಮಗೆ ತಾವೇ ಹೇಳಿಕೊಂಡಾಗ, ತಮ್ಮ ಬಗ್ಗೆ ಮೊದಲೇ ಕೀಳರಿಮೆಯಿದ್ದವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಅಲ್ಪಸ್ವಲ್ಪ ಲಾಭ ಕಂಡದ್ದು ಅದರ ಅಗತ್ಯವೇ ಇಲ್ಲದವರಿಗೆ. ಒಳಗೆ ನಂಬದ ಮಾತನ್ನು ಬಾಯಿ ಹೇಳಿದಾಗ, ಮನಸ್ಸು ಎದುರು ಸಾಕ್ಷಿಗಳನ್ನು ಒಂದೊಂದಾಗಿ ತಂದು ನಿಲ್ಲಿಸುತ್ತದೆ. ಈ ಕನ್ನಡಿ ಪಾಠವನ್ನು ಎಲ್ಲರಿಗೂ ಒಂದೇ ಔಷಧಿಯಂತೆ ಹಂಚುವವರನ್ನು ಕಂಡರೆ, 27 ವರ್ಷ ಈ ಕೆಲಸ ಮಾಡಿದ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಧ್ವನಿ ಎಲ್ಲಿಂದ ಬಂತೆಂಬುದನ್ನು ನೀವೇ ಪತ್ತೆ ಮಾಡಿದ್ದೀರಿ. ಒಲೆಯ ಹತ್ತಿರ ಹೋದ ಎರಡು ವರ್ಷದ ಮಗು ಕೈ ಚಾಚಿ, ಹಿಂದಕ್ಕೆಳೆದುಕೊಂಡು, ‘ಮುತ್ತಬಾಲ್ದು, ಹಾ’ ಎಂದು ಅಮ್ಮನಂತೆಯೇ ಬೆರಳಾಡಿಸುವುದನ್ನು ನೋಡಿದ್ದೀರಲ್ಲವೇ? ಮಗು ಹೊರಗೆ ಕೇಳಿದ ಮಾತನ್ನು ಮೊದಲು ಗಟ್ಟಿಯಾಗಿ ತನಗೆ ತಾನೇ ಹೇಳಿಕೊಳ್ಳುತ್ತದೆ, ಕ್ರಮೇಣ ಅದು ಸದ್ದಿಲ್ಲದ ಒಳಮಾತಾಗುತ್ತದೆ ಎಂದು ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ 1930ರ ದಶಕದಲ್ಲೇ ಹೇಳಿದ್ದರು. ಬೈದ ನೆನಪೇ ಇರಲಿಲ್ಲವೆಂಬುದೂ ಆಶ್ಚರ್ಯದ ಸಂಗತಿಯಲ್ಲ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್, ಖಿನ್ನರಾದ ತಮ್ಮ ರೋಗಿಗಳ ಮನಸ್ಸಿನಲ್ಲಿ ಇಂಥ ಮಾತುಗಳು ತಾವಾಗಿಯೇ ಸರ್ರನೆ ಹಾದುಹೋಗುವುದನ್ನು, ಕೇಳಿದ ಹೊರತು ಅವು ಅವರ ಗಮನಕ್ಕೇ ಬಾರದಿರುವುದನ್ನು ಗುರುತಿಸಿದರು; ಯೋಚನೆಯ ರೀತಿಯನ್ನು ತಿದ್ದುವ ಅರಿವಿನ ಚಿಕಿತ್ಸೆ ಬೆಳೆದದ್ದು ಅಲ್ಲಿಂದ. ನಿಮಗೆ ಆ ಅರಿವನ್ನು ಮೊಬೈಲು ಪುಕ್ಕಟೆಯಾಗಿ ಮಾಡಿಸಿಕೊಟ್ಟಿದೆ.

ಇನ್ನು ಸಡಿಲವಾಗುವ ಭಯ. ನನ್ನ ಬಳಿಗೆ ಬಂದ ಕೆಲಸಗಾತಿಯರಲ್ಲಿ, ಅದರಲ್ಲೂ ಲೆಕ್ಕ, ನರ್ಸಿಂಗ್, ಬೋಧನೆಗಳಲ್ಲಿರುವವರಲ್ಲಿ, ಈ ಭಯವಿಲ್ಲದವರನ್ನು ನಾನು ಕಂಡದ್ದೇ ಇಲ್ಲ. ಆದರೆ ಪರೀಕ್ಷಿಸಿ ನೋಡಿದವರಿಗೆ ಕಂಡದ್ದು ಬೇರೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ 2010ರ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ ತಪ್ಪಿಗಾಗಿ ತಮ್ಮನ್ನು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಎರಡನೆಯದಕ್ಕೆ ಮುಂದೂಡುವುದು ಕಡಿಮೆಯಾಗಿತ್ತು. ಬರ್ಕ್‌ಲಿಯಲ್ಲಿ ಬ್ರೈನ್ಸ್ ಮತ್ತು ಚೆನ್ ಎಂಬ ಸಂಶೋಧಕಿಯರು 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಠಿಣ ಪರೀಕ್ಷೆಯಲ್ಲಿ ಸೋತ ಮೇಲೆ ತಮ್ಮ ಬಗ್ಗೆ ಕರುಣೆಯಿಂದ ಯೋಚಿಸುವಂತೆ ಪ್ರೇರಿತರಾದವರು ಮರುಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು. ಕಾರಣ ಊಹಿಸಲಾಗದ್ದೇನಲ್ಲ: ಫೈಲು ತೆರೆದೊಡನೆ ಬೈಗುಳ ಕಾದಿರುತ್ತದೆಂದು ಗೊತ್ತಿದ್ದರೆ, ಆ ಫೈಲನ್ನು ತೆರೆಯುವುದನ್ನೇ ನಾವು ನಾಳೆಗೆ ದೂಡುತ್ತೇವೆ.

ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ 2003ರಲ್ಲಿ ಆತ್ಮಕರುಣೆಯನ್ನು ಮೂರು ಎಳೆಗಳಾಗಿ ಬಿಡಿಸಿ ತೋರಿಸಿದರು. ತನ್ನ ಬಗ್ಗೆ ಮೃದುವಾಗಿರುವುದು ಮತ್ತು ನೋವನ್ನು ಉಬ್ಬಿಸದೆ, ಅಡಗಿಸದೆ ಇದ್ದಂತೆ ನೋಡುವುದು ಎಂಬ ಎರಡನ್ನು ಎಲ್ಲರೂ ಹೇಳುತ್ತಾರೆ. ನಡುವಿನ ಎಳೆ, ಅಂದರೆ ತಪ್ಪುವುದು ಮನುಷ್ಯರೆಲ್ಲರ ಪಾಲು ಎಂಬ ಅರಿವು, ನಮ್ಮಲ್ಲಿ ಮರೆತುಹೋಗುತ್ತದೆ. ವಿಳಂಬ ಶುಲ್ಕ ಎಂಬ ಅಂಕಣವೊಂದು ಕಾನೂನಿನಲ್ಲೇ ಇದೆಯೆಂದರೆ, ತಡಮಾಡುವವರು ನೀವೊಬ್ಬರೇ ಅಲ್ಲವೆಂಬುದು ಸರ್ಕಾರಕ್ಕೂ ಗೊತ್ತು.

ಮಾಡಬೇಕಾದದ್ದು ಇಷ್ಟು. ಬೈಗುಳ ಬಂದ ಜಾಗದಲ್ಲಿ ಹೊಗಳಿಕೆಯನ್ನು ಕೂರಿಸಬೇಡಿ. ನಿಜವಾದ ವಾಕ್ಯವನ್ನು ಕೂರಿಸಿ. ‘ರಿಟರ್ನ್ ಒಂದು ದಿನ ತಡವಾಯಿತು. ಪಟ್ಟಿಯಲ್ಲಿ ಗುರುತು ಹಾಕುವಾಗ ಒಂದು ಸಾಲು ಬಿಟ್ಟುಹೋಯಿತು. ಇಷ್ಟು ವರ್ಷದ ಕೆಲಸದಲ್ಲಿ ಇದೂ ಒಂದು.’ ಇದರಲ್ಲಿ ಮನಸ್ಸು ಅಲ್ಲಗಳೆಯಬಹುದಾದ ಒಂದು ಮಾತೂ ಇಲ್ಲ. ಜೊತೆಗೆ, ನಿಮ್ಮ ಹೆಸರು ಹಿಡಿದು ನಿಮ್ಮನ್ನು ಕರೆದು ಮಾತನಾಡಿಸಿಕೊಳ್ಳಿ. ‘ನಾನು’ ಎನ್ನುವ ಬದಲು ತಮ್ಮ ಹೆಸರಿನಿಂದಲೇ ತಮ್ಮನ್ನು ಸಂಬೋಧಿಸಿಕೊಂಡವರಿಗೆ ಒತ್ತಡದ ಹೊತ್ತಿನಲ್ಲಿ ತಳಮಳ ಕಡಿಮೆಯಾಗುತ್ತದೆಂಬುದನ್ನು ಮಿಷಿಗನ್ನಿನ ಈಥನ್ ಕ್ರಾಸ್ ಅವರ ತಂಡ 2014ರಲ್ಲಿ ತೋರಿಸಿದೆ. ಒಂದು ಗೇಣು ದೂರ ನಿಂತು ನೋಡಿದಂತಾಗುತ್ತದೆ.

ಉತ್ತರ: ಲೇತಿನ ಮನುಷ್ಯ

ನಾನು ಪೀಣ್ಯದಲ್ಲಿ 22 ವರ್ಷಗಳಿಂದ ಸಿಎನ್‌ಸಿ ಲೇತ್, ಅಂದರೆ ಕಂಪ್ಯೂಟರ್ ಆಜ್ಞೆಯಂತೆ ಲೋಹ ಕಡೆಯುವ ಯಂತ್ರ, ಓಡಿಸುತ್ತಿದ್ದೇನೆ. ಮೇಲಿನವರ ಮಾತನ್ನು ಗೌರವದಿಂದ ಓದಿದೆನಾದರೂ, ಕರುಣೆ ಎಂಬ ಪದ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. 20 ಮೈಕ್ರಾನ್ ಟಾಲರೆನ್ಸಿನ, ಅಂದರೆ ಅಳತೆ 0.02 ಮಿಲಿಮೀಟರ್‌ಗಿಂತ ಹೆಚ್ಚು ತಪ್ಪಬಾರದ ಕೆಲಸದಲ್ಲಿ ಯಾರ ಕರುಣೆಯೂ ನಡೆಯದು. ಮೈಕ್ರೋಮೀಟರ್ ಹೇಳಿದ್ದೇ ಅಂತಿಮ. ಆದರೂ ಬೈದುಕೊಳ್ಳುವುದನ್ನು ನಾನು ಬಿಟ್ಟಿದ್ದೇನೆ, ಮತ್ತು ಬಿಟ್ಟದ್ದು ಮನಶ್ಶಾಂತಿಗಾಗಿಯಲ್ಲ, ಮಾಲು ಹಾಳಾಗುತ್ತಿತ್ತೆಂದು.

ಒಂದು ರಾತ್ರಿ ಪಾಳಿಯಲ್ಲಿ ಶಾಫ್ಟೊಂದರ ವ್ಯಾಸ 0.04 ಮಿಲಿಮೀಟರ್ ಕಡಿಮೆ ಬಂತು. ತಪ್ಪು ನನ್ನದೇ, ಇನ್ಸರ್ಟ್ (ಲೋಹ ಕತ್ತರಿಸುವ ಅಲಗು) ಬದಲಿಸಿದ ಮೇಲೆ ಮೊದಲ ಪೀಸನ್ನು ಅಳೆಯದೆ ಬಿಟ್ಟಿದ್ದೆ. ‘ಕತ್ತೆ, ಇಷ್ಟು ವರ್ಷ ಮಣ್ಣು ಹೊತ್ತೆಯಾ’ ಎಂದು ನನ್ನನ್ನು ನಾನೇ ಬೈಯುತ್ತ, ಅಳತೆ ಸರಿಪಡಿಸಲು ಯಂತ್ರಕ್ಕೆ ಕೊಡುವ ಆಫ್‌ಸೆಟ್ ಅಂಕಿಯನ್ನು ತಿದ್ದಲು ಹೋಗಿ, ಪ್ಲಸ್ 0.04 ಹಾಕಬೇಕಾದ ಕಡೆ ಮೈನಸ್ 0.04 ಹಾಕಿದೆ. ಅಳೆಯಲು ಮತ್ತೆ ನಿಲ್ಲಲೂ ಇಲ್ಲ, ಏಕೆಂದರೆ ಕಳೆದ ಸಮಯವನ್ನು ಹಿಡಿಯುವ ಅವಸರ. ಇನ್ನೂ ಆರು ಶಾಫ್ಟ್‌ಗಳು 0.08 ಸಣ್ಣದಾಗಿ ಬಂದು ಗುಜರಿಗೆ ಹೋದವು. ಮೊದಲನೆಯದು ಅಜಾಗರೂಕತೆಯಿಂದ ಹೋಯಿತು, ಉಳಿದ ಆರು ಬೈಗುಳದಿಂದ ಹೋದವು ಎಂದೇ ನಾನು ಲೆಕ್ಕ ಬರೆದುಕೊಂಡಿದ್ದೇನೆ.

ಆಗಿನಿಂದ ನನ್ನ ಬಗ್ಗೆ ನಾನು ಒಳ್ಳೆಯದನ್ನೂ ಹೇಳಿಕೊಳ್ಳುವುದಿಲ್ಲ, ಕೆಟ್ಟದ್ದನ್ನೂ ಹೇಳಿಕೊಳ್ಳುವುದಿಲ್ಲ. ಕೆಲಸದ ಬಗ್ಗೆ ಮಾತ್ರ ಹೇಳಿಕೊಳ್ಳುತ್ತೇನೆ. ‘ಇನ್ಸರ್ಟ್ ಬದಲಾಯಿತು. ನಿಲ್ಲಿಸು. ಅಳೆ. ಚಿಹ್ನೆ ನೋಡು.’ ರಿಜೆಕ್ಷನ್ ಚೀಟಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ‘ಆಪರೇಟರ್ ಕತ್ತೆ’ ಎಂದು ಯಾರೂ ಬರೆಯುವುದಿಲ್ಲವಲ್ಲ? ‘ಮೊದಲ ಪೀಸ್ ತಪಾಸಣೆ ಆಗಿಲ್ಲ’ ಎಂದು ಬರೆಯುತ್ತಾರೆ, ಏಕೆಂದರೆ ತಿದ್ದಲು ಸಾಧ್ಯವಿರುವುದು ಅದನ್ನು. ನಿಮ್ಮ ರಿಟರ್ನಿನ ವಿಷಯದಲ್ಲಿಯೂ 18ನೇ ತಾರೀಖು ಒಮ್ಮೆ, 20ರ ಮಧ್ಯಾಹ್ನ ಇನ್ನೊಮ್ಮೆ ಪಟ್ಟಿಯನ್ನು ಬೇರೆಯವರಿಂದ ಓದಿಸಿ. ಮನಸ್ಸಿನ ವಿಷಯ ಆಮೇಲೆ ನೋಡಿಕೊಳ್ಳಬಹುದು.

ಉತ್ತರ: ಧಾರವಾಡದ ಮಾಸ್ತರ

ಪ್ರಶ್ನೆ ಕೇಳಿದವರ ಕನ್ನಡಿ ವಾಕ್ಯ ಏಕೆ ನಾಟಕದಂತಿತ್ತೆಂಬುದಕ್ಕೆ ಮನಶ್ಶಾಸ್ತ್ರದ ಕಾರಣ ಮೇಲೆ ಬಂದಿದೆ. ವ್ಯಾಕರಣದ ಕಾರಣವೂ ಒಂದಿದೆಯೆಂದು ನನಗೆ ತೋರುತ್ತದೆ. ಆಡುವ ಕನ್ನಡದಲ್ಲಿ ಕ್ರಿಯಾಪದದ ತುದಿಯೇ ಕರ್ತೃವನ್ನು ಹೇಳುವುದರಿಂದ ‘ನಾನು’ ಎಂಬುದನ್ನು ಒತ್ತಿ ಹೇಳುವಾಗ ಮಾತ್ರ ಬಳಸುತ್ತೇವೆ. ‘ನಾನು ನನ್ನನ್ನು ಪ್ರೀತಿಸುತ್ತೇನೆ’ ಎಂಬ ವಾಕ್ಯ ನೋಟರಿಯ ಮುಂದೆ ಓದುವ ಪ್ರಮಾಣಪತ್ರದಂತೆ ಕೇಳಿಸುತ್ತದೆಯೇ ಹೊರತು, ಯಾವ ತಾಯಿಯೂ, ಯಾವ ಗೆಳತಿಯೂ ಸಂತೈಸುವಾಗ ಹೀಗೆ ಮಾತನಾಡಿದ್ದಿಲ್ಲ. ಬೈಗುಳ ಮಾತ್ರ ಅಪ್ಪಟ ಮನೆಮಾತಿನಲ್ಲಿರುತ್ತದೆ, ‘ನೀನು’ ಎಂದು ನೇರವಾಗಿ ಎದುರು ನಿಂತು ಬರುತ್ತದೆ. ಮನೆಮಾತಿನಲ್ಲಿ ಬಂದ ಬೈಗುಳಕ್ಕೆ ಪತ್ರಭಾಷೆಯ ಸಮಾಧಾನ ಹೇಗೆ ಎದುರು ನಿಂತೀತು?

ಆದ್ದರಿಂದ ಸಮಾಧಾನವೂ ಅದೇ ಓಣಿಯಿಂದ ಬರಬೇಕು. ನಮ್ಮ ಕಡೆ, ಸಂತೆಯಲ್ಲಿ ದುಡ್ಡು ಕಳೆದುಕೊಂಡು ಮನೆಗೆ ಬಂದವಳಿಗೆ ನೆರೆಮನೆಯ ಹಿರಿಯಳು ‘ಇರಲಿ ತಗೋವಾ, ಯಾಕ ಅಷ್ಟು ಮನಸಿಗೆ ಹಚಗೊಳ್ತಿ’ ಎನ್ನುತ್ತಾಳೆ. ದುಡ್ಡು ಹೋಗಿಲ್ಲವೆಂದು ಅವಳು ಹೇಳುವುದಿಲ್ಲ, ನೀನು ಬಲು ಜಾಣೆ ಎಂದೂ ಹೇಳುವುದಿಲ್ಲ. ಹೋದದ್ದನ್ನು ಒಪ್ಪಿಕೊಂಡು, ಹಚ್ಚಿಕೊಂಡದ್ದನ್ನು ಬಿಡಿಸುತ್ತಾಳೆ. ‘ಬಿಡು’, ‘ಇರಲಿ’, ‘ಪರವಾಗಿಲ್ಲ’, ‘ಆಯಿತು ಹೋಗಲಿ’ ಎಂಬ ಮಾತುಗಳೆಲ್ಲ ಹೀಗೆ ಗಿಡ್ಡವಾಗಿಯೇ ಇರುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು: ‘ನನ್ನ ಹಣೆಬರಹವೇ ಇಷ್ಟು’ ಎಂಬುದು ಮೃದುವಾಗಿ ಕೇಳಿಸಿದರೂ ಸಮಾಧಾನದ ಮಾತಲ್ಲ, ಅದು ತೀರ್ಪು.

ನನಗೆ ಬಹಳ ಇಷ್ಟವಾದ ಪದವೆಂದರೆ ‘ಸುಧಾರಿಸಿಕೋ’. ಏರು ಹತ್ತಿ ಬಂದು ಏದುಸಿರು ಬಿಡುವವನಿಗೆ ‘ಸ್ವಲ್ಪ ಕೂತು ಸುಧಾರಿಸಿಕೋ’ ಎನ್ನುತ್ತೇವೆ. ದಾರಿ ತಪ್ಪಿದ ಹುಡುಗ ಸರಿಯಾದಾಗಲೂ ‘ಸುಧಾರಿಸಿದ’ ಎನ್ನುತ್ತೇವೆ. ದಣಿವಾರಿಸಿಕೊಳ್ಳುವುದಕ್ಕೂ ತಿದ್ದಿಕೊಳ್ಳುವುದಕ್ಕೂ ನಮ್ಮ ಜನ ಒಂದೇ ಪದವನ್ನು ಇಟ್ಟುಕೊಂಡಿದ್ದಾರೆ. ಮೃದುವಾದರೆ ಸಡಿಲವಾಗುತ್ತೇನೆಂದು ಅಂಜುವವರು ಈ ಪದವನ್ನು ನಾಲಗೆಯ ಮೇಲೆ ಆಡಿಸಿ ನೋಡಬೇಕು.

ಹೆಸರಿಡಿದು ಕರೆದುಕೊಳ್ಳುವುದೂ ನಮಗೆ ಹೊಸದಲ್ಲ. ದಾಸರ ಎಷ್ಟೋ ಪದಗಳು ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಮಾತನಾಡಿಸುತ್ತವೆ. 1943ರಲ್ಲಿ ಪ್ರಕಟವಾದ ಡಿ.ವಿ.ಜಿ.ಯವರ ಕಗ್ಗದಲ್ಲಿ 945 ಪದ್ಯಗಳುದ್ದಕ್ಕೂ ಸಂಬೋಧನೆಯಾಗಿ ಬರುವ ಹೆಸರು ‘ಮಂಕುತಿಮ್ಮ’. ಪದದ ಅರ್ಥ ಹಿಡಿದರೆ ಅದೂ ಬೈಗುಳವೇ, ಮಂಕುಬುದ್ಧಿಯ ತಿಮ್ಮ. ಆದರೆ ಅದನ್ನು ಓದಿದ ಯಾರಿಗೂ ಬೈಸಿಕೊಂಡಂತೆ ಅನಿಸುವುದಿಲ್ಲ. ಹೆಗಲ ಮೇಲೆ ಕೈಯಿಟ್ಟು ಕರೆದಂತೆ ಅನಿಸುತ್ತದೆ. ಹೀಗಾಗಿ ಲೇತಿನವರು ‘ಕತ್ತೆ’ ಎಂಬ ಪದವನ್ನು ಪೂರ್ತಿ ಬಿಡಬೇಕೆಂದೇನೂ ನನಗೆ ಅನಿಸುವುದಿಲ್ಲ. ‘ಏ ಕತ್ತೆ, ಚಿಹ್ನೆ ನೋಡೋ’ ಎಂಬುದನ್ನು ಗೆಳೆಯನ ಧಾಟಿಯಲ್ಲಿ ಹೇಳಿಕೊಂಡರೆ ಆರು ಶಾಫ್ಟ್‌ಗಳು ಉಳಿಯುತ್ತಿದ್ದವೇನೋ.

ಉತ್ತರ: ಹೊಸ ಸೊಸೆ

ಎಲ್ಲರೂ ತೀರಿಹೋದವರ ಧ್ವನಿಯ ಬಗ್ಗೆ ಬರೆಯುತ್ತಿದ್ದೀರಿ. ನನ್ನ ವಿಷಯದಲ್ಲಿ ಬೈಯುವವರು ಬದುಕಿದ್ದಾರೆ, ಪಕ್ಕದ ಕೋಣೆಯಲ್ಲಿಯೇ ಇದ್ದಾರೆ. ಮಧ್ಯಾಹ್ನವೆಲ್ಲ ‘ಇರಲಿ ಬಿಡು’ ಎಂದು ನನಗೆ ನಾನೇ ಹೇಳಿಕೊಂಡು ಕಟ್ಟಿದ್ದನ್ನು, ಸಾರಿಗೆ ಉಪ್ಪು ಹೆಚ್ಚಾಯಿತೆಂಬ ಸಂಜೆಯ ಒಂದು ಮಾತು ಕೆಡವಿಹಾಕುತ್ತದೆ. ಒಳಗಿನ ಮಾತನ್ನು ಮಾತ್ರ ತಿದ್ದಿಕೊಳ್ಳಿ ಎನ್ನುವುದು, ಸೋರುವ ಮಾಡನ್ನು ಬಿಟ್ಟು ನೆಲ ಒರೆಸಿಕೊಳ್ಳಿ ಎಂದಂತೆ ನನಗೆ ಕೇಳಿಸುತ್ತದೆ. ಈಚೆಗೆ ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಆಮೇಲೆ ನಿದ್ದೆಯಿಲ್ಲ.

ಮರುತ್ತರ: ನಿವೃತ್ತ ಆಪ್ತಸಮಾಲೋಚಕಿ

ನೀವು ಹೇಳಿದ್ದು ಸರಿ, ಮತ್ತು ನನ್ನ ಮೊದಲ ಉತ್ತರದಲ್ಲಿ ಅದು ಬಿಟ್ಟುಹೋಗಿತ್ತು. ಹೊರಗಿನಿಂದ ದಿನವೂ ಬೀಳುವ ಮಾತನ್ನು ಒಳಗಿನ ಅಭ್ಯಾಸವೊಂದೇ ತಡೆಯಲಾರದು. ಮಾಡು ಸರಿಯಾಗುವವರೆಗೆ ಆ ಮಾತನ್ನು ನೀವು ಕೂಡ ಪುನರುಚ್ಚರಿಸದಿರುವುದಷ್ಟೇ ಈ ಅಭ್ಯಾಸದಿಂದ ಆಗುವ ಕೆಲಸ. ಮಾಡನ್ನು ಸರಿಪಡಿಸಲು ಗಂಡನೊಡನೆಯೋ ತವರಿನವರೊಡನೆಯೋ ಮಾತುಕತೆ ಬೇಕು. ನಿಮ್ಮ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಇದ್ದೇನು ಪ್ರಯೋಜನ ಎಂಬಂಥ ಯೋಚನೆ ಒಮ್ಮೆಯಾದರೂ ಬಂದಿದ್ದರೆ, ಅದನ್ನು ಬರಿಯ ಮಾತಿನ ಅಭ್ಯಾಸವೆಂದು ತಿಳಿಯಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416; ಹಗಲು ರಾತ್ರಿ ಎನ್ನದೆ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮೇಲ್ವಿಚಾರಣಾ ಕೇಂದ್ರ. ಮೂರು ಗಂಟೆಗೆ ಎಚ್ಚರವಾದಾಗಲೇ ಕರೆ ಮಾಡಿದರೂ ತಪ್ಪಿಲ್ಲ.

ಮರಳಿ: ಬೆಣ್ಣೆನಗರಿ (ಐದು ವಾರಗಳ ನಂತರ)

ಎಲ್ಲರ ಉತ್ತರಗಳನ್ನೂ ಮುದ್ರಿಸಿಕೊಂಡು ಮೇಜಿನ ಗಾಜಿನಡಿ ಇಟ್ಟಿದ್ದೆ. ಏನಾಯಿತೆಂದು ಹೇಳುವುದು ನನ್ನ ಕರ್ತವ್ಯ.

ಲೇತಿನವರ ಉಪಾಯವನ್ನು ಮೊದಲು ಹಿಡಿದೆ, ಏಕೆಂದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಕೆಲಸ ಕಲಿಯಲು ಬಂದಿರುವ ಹುಡುಗಿಯಿಂದ 18ರಂದು ಪಟ್ಟಿ ಓದಿಸಿದೆ. ಎರಡು ಹೆಸರುಗಳು ಗುರುತಿಲ್ಲದೆ ಉಳಿದಿದ್ದವು. ಈ ತಿಂಗಳು ಯಾವ ರಿಟರ್ನೂ ತಡವಾಗಲಿಲ್ಲ. ಹೆಸರಿಡಿದು ಕರೆದುಕೊಳ್ಳುವುದು ಮಾತ್ರ ನನಗೆ ಒಗ್ಗಲಿಲ್ಲ. ನಮ್ಮ ಮನೆಯಲ್ಲಿ ಪೂರ್ತಿ ಹೆಸರಿಡಿದು ಕರೆಯುತ್ತಿದ್ದದ್ದೇ ಬೈಯುವಾಗ. ನಿಜವಾದ ವಾಕ್ಯ ಬರೆಯುವುದು ಬೆಳಗಿನ ಹೊತ್ತು ಸಾಧ್ಯವಾಗುತ್ತದೆ, ರಾತ್ರಿ ಒಂಬತ್ತರ ಮೇಲೆ ಆಗುವುದಿಲ್ಲ. ಆಗ ಬೈಗುಳವೇ ಗೆಲ್ಲುತ್ತದೆ, ಆದರೆ ಈಗ ಬೈದದ್ದು ನನಗೆ ಕೇಳಿಸುತ್ತದೆ.

19ರ ಸಂಜೆ ಒಂದು ಖರೀದಿ ಬಿಲ್ಲನ್ನು ಹಿಂದಿನ ತಿಂಗಳಿಗೆ ಸೇರಿಸಿಬಿಟ್ಟಿರುವುದು ಗೊತ್ತಾಗಿ ಎದೆ ಧಸಕ್ಕೆಂದಿತು. ಆ ಹೊತ್ತಿನ ಧ್ವನಿಮುದ್ರಿಕೆಯನ್ನು ಮರುದಿನ ಕೇಳಿದೆ. ‘ಥೂ’ ಎಂದು ಶುರುವಾಗಿ, ಅಲ್ಲಿಗೇ ನಿಂತು, ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಇದೆ. ಆಮೇಲೆ ‘ಸುಧಾರಿಸಿಕೊಳ್ಳೇ ಸ್ವಲ್ಪ’ ಎಂದು ಬರುತ್ತದೆ. ಮಾಸ್ತರರು ಕಲಿಸಿದ್ದೆಂದುಕೊಂಡಿದ್ದೆ, ಆದರೆ ಧಾಟಿ ಮತ್ತೆ ದೊಡ್ಡಮ್ಮನದೇ. ಬೀದಿ ನಲ್ಲಿಯಿಂದ ಎರಡು ಕೊಡ ನೀರು ತಂದು ಹಿತ್ತಲ ಕಟ್ಟೆಯ ಮೇಲೆ ಕುಕ್ಕರಿಸಿದಾಗ, ಬೆಲ್ಲದ ಚೂರು ಕೈಗಿಟ್ಟು ಅವರು ಹೇಳುತ್ತಿದ್ದದ್ದು ಅದೇ ಮಾತು. ಇದು ನನಗೆ ಇಷ್ಟು ವರ್ಷ ಏಕೆ ನೆನಪಾಗಿರಲಿಲ್ಲವೋ ತಿಳಿಯದು.

ಹೊಸ ಸೊಸೆಯವರು ಮತ್ತೆ ಇಲ್ಲಿಗೆ ಬಂದಿಲ್ಲ. ಓದುತ್ತಿದ್ದರೆ, ಹೇಗಿದ್ದೀರೆಂದು ಒಂದು ಸಾಲು ಬರೆಯಿರಿ. ಈ ತಿಂಗಳು ಮೂರು ತಿಂಗಳಿಗೊಮ್ಮೆ ಸಲ್ಲಿಸುವವರ ರಿಟರ್ನ್‌ಗಳೂ ಇರುವುದರಿಂದ 22ರವರೆಗೆ ನನಗೆ ಬಿಡುವಿಲ್ಲ. ಆಮೇಲೆ ನಾನೂ ಬಂದು ನೋಡುತ್ತೇನೆ.